ರೈಲು ನಿಂತ ಮೇಲೆ ಉಳಿದ ದಾರಿ

ಇಂಗ್ಲೆಂಡಿನಲ್ಲಿ ಸೈಕಲ್ ತುಳಿಯುವ ಆಸೆ ಇದ್ದೂ ರಸ್ತೆಗೆ ಹೆದರಿ ಸುಮ್ಮನಿರುವ ಕನ್ನಡದವರು ನನಗೆ ತುಂಬಾ ಜನ ಗೊತ್ತು. ಅವರ ಹೆದರಿಕೆ ತಪ್ಪಲ್ಲ. ಇಲ್ಲಿನ ಹಳ್ಳಿ ರಸ್ತೆ ಫೋಟೋದಲ್ಲಿ ಚೆಂದ. ಎರಡೂ ಕಡೆ ಆಳೆತ್ತರದ ಬೇಲಿ, ಮಧ್ಯೆ ಒಂದು ಕಾರು ಹಿಡಿಯುವಷ್ಟೇ ಜಾಗ. ಅಂಥ ಇಕ್ಕಟ್ಟಿನ ರಸ್ತೆಯಲ್ಲೂ, ಬೇರೆ ಬೋರ್ಡ್ ಇಲ್ಲದಿದ್ದರೆ, ಊರಾಚೆ ವೇಗದ ಮಿತಿ ಗಂಟೆಗೆ 60 ಮೈಲಿ. ತಿರುವಿನ ಆಚೆ ಏನು ಬರುತ್ತಿದೆ ಅಂತ ಕಾಣುವುದಿಲ್ಲ. ಎಂಟು ವರ್ಷದ ಮಗುವನ್ನು ಅಲ್ಲಿ ಸೈಕಲ್ ಮೇಲೆ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ನಾನು ಹೇಳುವುದು ಬೇರೆ ದಾರಿಗಳ ಬಗ್ಗೆ. ಹಳಿ ಕಿತ್ತ ಹಳೆಯ ರೈಲು ದಾರಿಗಳು. ಅಲ್ಲಿ ಕಾರು ಬರುವುದೇ ಇಲ್ಲ. ಏರು ಇದ್ದರೂ ಇದೆ ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಕಾರಣ ಉಗಿ ಎಂಜಿನ್. ಭಾರ ಎಳೆದುಕೊಂಡು ದಿಬ್ಬ ಹತ್ತುವುದು ಅದಕ್ಕೆ ಆಗುತ್ತಿರಲಿಲ್ಲ. ಹಾಗಾಗಿ 19ನೇ ಶತಮಾನದಲ್ಲಿ ದಾರಿ ಮಾಡಿದವರು ಗುಡ್ಡ ಬಂದರೆ ಕೊರೆದರು, ತಗ್ಗು ಬಂದರೆ ಮಣ್ಣು ತುಂಬಿದರು, ಕಣಿವೆ ಬಂದರೆ ಸೇತುವೆ ಕಟ್ಟಿದರು. ಎಷ್ಟೋ ಕಡೆ ನೂರು ಅಡಿ ಮುಂದೆ ಹೋದರೆ ಏರುವುದು ಒಂದೇ ಅಡಿ. ಅವತ್ತು ಎಂಜಿನ್‌ಗೆ ಮಾಡಿಕೊಟ್ಟ ಅನುಕೂಲ ಇವತ್ತು ನಮ್ಮ ಮೊಣಕಾಲಿಗೆ ಸಿಕ್ಕಿದೆ.

ರೈಲು ನಿಂತದ್ದು ಸಂತೋಷದ ಕಥೆಯಲ್ಲ. 1963ರಲ್ಲಿ ಬ್ರಿಟಿಷ್ ರೈಲ್ವೆ ಮಂಡಳಿಯ ಅಧ್ಯಕ್ಷರಾಗಿದ್ದ ರಿಚರ್ಡ್ ಬೀಚಿಂಗ್ ಅವರ ವರದಿ ಬಂತು. ಸುಮಾರು 5,000 ಮೈಲಿ ಹಳಿ, 2,363 ನಿಲ್ದಾಣ ಮುಚ್ಚಬೇಕು ಅಂತ ಅದರಲ್ಲಿ ಬರೆದಿದ್ದರು. ಎಲ್ಲವನ್ನೂ ಮುಚ್ಚಲಿಲ್ಲ, ಆದರೆ ಬಹುಪಾಲು ಮುಚ್ಚಿದರು. ಕಾರಿಲ್ಲದ ಹಳ್ಳಿಯವರಿಗೆ ಪೇಟೆಯೇ ದೂರವಾಯಿತು. ಆಮೇಲೆ ಆದದ್ದು ಇನ್ನೂ ಬೇಜಾರು. ಹಳಿ ಇದ್ದ ಜಾಗವನ್ನು ಎಷ್ಟೋ ಕಡೆ ತುಂಡು ತುಂಡಾಗಿ ಮಾರಿದರು. ಒಂದು ತುಂಡು ಹೊಲಕ್ಕೆ ಸೇರಿತು, ಇನ್ನೊಂದರ ಮೇಲೆ ಮನೆ ಎದ್ದಿತು. ಇಪ್ಪತ್ತು ಮೈಲಿ ದಾರಿಯಲ್ಲಿ ಅರ್ಧ ಮೈಲಿ ಕೈತಪ್ಪಿದರೂ ಅದು ಮೊದಲಿನ ದಾರಿಯಲ್ಲ. ಆ ಅರ್ಧ ಮೈಲಿಗೆ ಮತ್ತೆ ಲಾರಿಗಳ ಮಧ್ಯೆ ಹೋಗಬೇಕು. ನಾನು ಇಷ್ಟುದ್ದ ಬರೆಯುತ್ತಿರುವುದು ಮುಖ್ಯವಾಗಿ ಈ ಮಾತು ಹೇಳೋಕೆ. ದಾರಿ ಚೆಂದವಿದ್ದರೆ ಸಾಲದು, ಮಧ್ಯೆ ಎಲ್ಲೂ ತುಂಡಾಗಬಾರದು.

ಬ್ರಿಸ್ಟಲ್‌ನಿಂದ ಬಾತ್‌ಗೆ ಹೋಗುವ ದಾರಿ ನೋಡಿ. 1977ರಲ್ಲಿ ಬ್ರಿಸ್ಟಲ್‌ನ ಕೆಲವರು ಸೇರಿ ಸೈಕಲ್‌ಬ್ಯಾಗ್ ಅಂತ ಗುಂಪು ಕಟ್ಟಿಕೊಂಡರು. ಮುಂದೆ ಇದೇ ಗುಂಪು, ನಡೆಯುವವರಿಗೆ ಮತ್ತು ಸೈಕಲ್‌ನವರಿಗೆ ದಾರಿ ಮಾಡಿಕೊಡುವ ಸಸ್ಟ್ರಾನ್ಸ್ ಎಂಬ ಸಂಸ್ಥೆಯಾಯಿತು. ಪಾಳು ಬಿದ್ದಿದ್ದ ರೈಲು ದಾರಿಯಲ್ಲಿ ಗಿಡಗಂಟಿ ಕಡಿದು, ಸ್ವಯಂಸೇವಕರೇ ನಿಂತು, 1979ರಲ್ಲಿ ಕೆಲಸ ಶುರು ಮಾಡಿದರು. 13 ಮೈಲಿ ಪೂರ್ತಿ ಆಗಿದ್ದು 1986ಕ್ಕೆ. ಇವತ್ತು ಬೆಳಿಗ್ಗೆ ಹೊತ್ತು ಅಲ್ಲಿ ಆಫೀಸಿಗೆ ಹೋಗುವವರು, ಶಾಲೆ ಮಕ್ಕಳು, ನಾಯಿ ಹಿಡಿದುಕೊಂಡು ನಡೆಯುವ ಅಜ್ಜಂದಿರು ಎಲ್ಲ ಸಿಗುತ್ತಾರೆ. ಸ್ಟೇಪಲ್ ಹಿಲ್ ಸುರಂಗದೊಳಗೆ ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಬಿಟನ್ ಹತ್ತಿರ ಸ್ವಲ್ಪ ದೂರ ಮತ್ತೆ ಹಳಿ ಹಾಕಿದ್ದಾರೆ. ಅಲ್ಲಿ ಉಗಿ ರೈಲು ಓಡುವ ದಿನ ಸಿಕ್ಕರೆ ಮಕ್ಕಳು ಸೈಕಲ್ ಬಿಟ್ಟು ಬೇಲಿಗೆ ಅಂಟಿಕೊಳ್ಳುತ್ತಾರೆ. ಬಾತ್ ಕಡೆ ಹೋದಂತೆ ಏವನ್ ನದಿಯನ್ನು ಮತ್ತೆ ಮತ್ತೆ ದಾಟಬೇಕು. ಹಸಿರು ಬೇಕಿದ್ದರೆ ಆ ಕಡೆಯಿಂದಲೇ ಶುರು ಮಾಡಿ.

ಆದರೆ ನನ್ನ ಮನಸ್ಸು ಹೋಗುವುದು ಡರ್ಬಿಶೈರ್‌ಗೆ. ಅಲ್ಲಿನ ಪೀಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಗಾಡಿನಲ್ಲಿ, ಹಳೆಯ ರೈಲು ದಾರಿಯ ಮೇಲೇ ಇರುವ ಮಾನ್ಸಲ್ ಟ್ರೇಲ್. ಬೇಕ್‌ವೆಲ್‌ನಿಂದ ಬಕ್ಸ್‌ಟನ್ ಕಡೆಗೆ ಎಂಟೂವರೆ ಮೈಲಿ. 1968ರಲ್ಲಿ ಇಲ್ಲಿ ರೈಲು ನಿಂತಿತು. ಆಮೇಲೆ ದಾರಿಯನ್ನು ನಡೆಯುವವರಿಗೆ ಬಿಟ್ಟರೂ ಸುರಂಗಗಳನ್ನು ಮುಚ್ಚಿಟ್ಟಿದ್ದರು. ಸುರಂಗ ಬಂದ ಕಡೆಯೆಲ್ಲ ಗುಡ್ಡ ಹತ್ತಿ ಇಳಿದು ಸುತ್ತಿಕೊಂಡು ಹೋಗಬೇಕಿತ್ತು. ಸೈಕಲ್‌ನವರಿಗಂತೂ ಅದು ಆಗದ ಮಾತು. 2011ರಲ್ಲಿ ದೀಪ ಹಾಕಿ ಸುರಂಗಗಳನ್ನು ತೆರೆದರು. ಅಷ್ಟೇ ಮಾಡಿದ್ದು. ದೃಶ್ಯ ಅದೇ, ಹೊಳೆ ಅದೇ. ಆದರೆ ಅಲ್ಲಿಂದಾಚೆ ಗಾಲಿಕುರ್ಚಿಯಲ್ಲಿರುವವರೂ ಹೋಗಬಹುದಾದ ದಾರಿ ಆಯಿತು.

ಹೆಡ್‌ಸ್ಟೋನ್ ಸುರಂಗ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಇದೆ. ಅದರಿಂದ ಹೊರಗೆ ಬರುತ್ತಿದ್ದಂತೆ ನೇರವಾಗಿ ಒಂದು ಎತ್ತರದ ಸೇತುವೆ ಮೇಲೆ ಇರುತ್ತೀರಿ. ಕೆಳಗೆ ಆಳದಲ್ಲಿ ವೈ ಹೊಳೆ ಕಣಿವೆಯೊಳಗೆ ತಿರುಗಿಕೊಂಡು ಹೋಗುತ್ತದೆ. 1860ರ ದಶಕದಲ್ಲಿ ಈ ಸೇತುವೆ ಕಟ್ಟಿದಾಗ ಕಣಿವೆ ಹಾಳಾಯಿತು ಅಂತ ಆ ಕಾಲದ ಲೇಖಕ, ಕಲಾ ವಿಮರ್ಶಕ ಜಾನ್ ರಸ್ಕಿನ್ ಕೋಪದಿಂದ ಬರೆದಿದ್ದರು. ಅವರ ಕೋಪ ನನಗೆ ಅರ್ಥವಾಗುತ್ತದೆ. ಅಷ್ಟು ಚೆಂದದ ಜಾಗ ಅದು. ಈಗ ಅದೇ ಸೇತುವೆಯ ಮೇಲೆ ಜನ ಗಂಟೆಗಟ್ಟಲೆ ನಿಂತು ನೋಡುತ್ತಾರೆ. ಸುಣ್ಣಕಲ್ಲಿನ ಸೀಮೆಯಾದ್ದರಿಂದ ಬೇಸಿಗೆ ಶುರುವಿನಲ್ಲಿ ದಾರಿಯ ಅಂಚಿಗೆ ಕಾಡು ಆರ್ಕಿಡ್ ಹೂ ಬಿಡುತ್ತದೆ. ಮಳೆ ಬಂದರೆ ಬಿಳಿ ಕೆಸರು ಸೈಕಲ್ ತುಂಬಾ ಹತ್ತುತ್ತದೆ. ಅದನ್ನು ಮನೆಗೆ ಬಂದ ದಿನವೇ ತೊಳೆದುಬಿಡಿ.

ನಮ್ಮಮ್ಮ ಹಾಸನದಲ್ಲಿ ಕಾಲೇಜಿಗೆ ಸೈಕಲ್‌ನಲ್ಲಿ ಹೋಗುತ್ತಿದ್ದವರು. ಮದುವೆಯಾದ ಮೇಲೆ ಮುಟ್ಟಿರಲಿಲ್ಲ. ಇಲ್ಲಿಗೆ ಬಂದಾಗ ಬಾಡಿಗೆ ಸೈಕಲ್ ಕೊಟ್ಟು ಈ ದಾರಿಗೆ ಕರೆದುಕೊಂಡು ಹೋದೆ. ಮೊದಲು ಹ್ಯಾಂಡಲ್ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಸ್ವಲ್ಪ ಹೊತ್ತಿಗೆ ನನ್ನನ್ನು ಹಿಂದೆ ಹಾಕಿ, "ಯಾಕೇ ಇಷ್ಟು ನಿಧಾನ?" ಅಂತ ಕೇಳಿದರು. ಎದುರು ಬಂದವರೆಲ್ಲ "ಮಾರ್ನಿಂಗ್" ಅಂದಾಗ ಅವರೂ ಅಷ್ಟೇ ಜೋರಾಗಿ "ಮಾರ್ನಿಂಗ್" ಅನ್ನುತ್ತಿದ್ದರು. ಅಪ್ಪ-ಅಮ್ಮ ಬಂದಾಗ ನಾವು ಲಂಡನ್, ಲೇಕ್ ಡಿಸ್ಟ್ರಿಕ್ಟ್ ಅಂತ ಕಾರಿನಲ್ಲಿ ಕೂರಿಸಿಕೊಂಡು ಸುತ್ತಿಸುತ್ತೇವೆ. ಅವರು ಕಿಟಕಿಯಿಂದ ಊರು ನೋಡುತ್ತಾರೆ, ಊರಿನ ಒಬ್ಬರ ಹತ್ತಿರವೂ ಮಾತಾಡಿರುವುದಿಲ್ಲ. ಒಂದು ದಿನವಾದರೂ ಕಾರು ಬಿಟ್ಟು ಇಂಥ ದಾರಿಗೆ ಕರೆದುಕೊಂಡು ಹೋಗಿ. ಮೊಣಕಾಲು ನೋವಿದ್ದರೆ ಬ್ಯಾಟರಿ ಸೈಕಲ್ ಬಾಡಿಗೆಗೆ ಸಿಗುತ್ತದಾ ಅಂತ ಮೊದಲೇ ಕೇಳಿಕೊಳ್ಳಿ.

ಮಾನ್ಸಲ್ ಟ್ರೇಲ್‌ನ ಮೇಲೆ ನನಗೆ ಇರುವ ತಕರಾರು ಅದು ಮುಗಿಯುವ ಜಾಗದ್ದು. ಬಕ್ಸ್‌ಟನ್ ಇನ್ನೂ ಕೆಲವೇ ಮೈಲಿ ಇರುವಾಗ ದಾರಿ ನಿಂತುಬಿಡುತ್ತದೆ. ಮುಂದೆ ಹೋಗಬೇಕು ಅಂದರೆ ಎ6 ಹೆದ್ದಾರಿ, ಇಲ್ಲವಾದರೆ ಕಡಿದಾದ ಗುಡ್ಡ. ಬಕ್ಸ್‌ಟನ್‌ನಲ್ಲಿ ಇವತ್ತಿಗೂ ರೈಲು ನಿಲ್ದಾಣವಿದೆ. ಆ ಒಂದು ಕೊಂಡಿ ಕೂಡಿದರೆ ಮ್ಯಾಂಚೆಸ್ಟರ್‌ನಿಂದ ರೈಲಿನಲ್ಲಿ ಬಂದು, ಕಾರೇ ಇಲ್ಲದೆ ಇಡೀ ಕಣಿವೆ ನೋಡಬಹುದು. ಈಗ ಹೆಚ್ಚಿನವರು ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿಕೊಂಡು ಬರುತ್ತಾರೆ. ಕಾರಿಲ್ಲದ ದಾರಿಗೆ ಕಾರಿನಲ್ಲೇ ಬರಬೇಕಾದರೆ ಅರ್ಧ ಕೆಲಸ ಇನ್ನೂ ಬಾಕಿ ಇದೆ ಅಂತ ಅರ್ಥ ಅಲ್ವಾ?

2020ರಲ್ಲಿ ಸಸ್ಟ್ರಾನ್ಸ್ ತನ್ನ ರಾಷ್ಟ್ರೀಯ ಸೈಕಲ್ ಜಾಲದ ಸುಮಾರು ಕಾಲು ಭಾಗವನ್ನು ಪಟ್ಟಿಯಿಂದ ತೆಗೆದುಹಾಕಲು ಅಥವಾ ಬೇರೆ ದರ್ಜೆಗೆ ಹಾಕಲು ತೀರ್ಮಾನ ಮಾಡಿತು. ವಾಹನ ಜಾಸ್ತಿ ಇರುವ ರಸ್ತೆಗಳು ಅವು. ನಕ್ಷೆ ಚಿಕ್ಕದಾಯಿತು ಅಂತ ಬೇಸರಪಟ್ಟವರಿದ್ದಾರೆ. ನನಗೆ ಅದು ಸರಿ ಅನಿಸಿತು. ಮಗುವಿನ ಜೊತೆ ಹೋಗಲಾಗದ ರಸ್ತೆಗೆ ಸೈಕಲ್ ದಾರಿ ಅಂತ ಬೋರ್ಡ್ ಹಾಕುವುದಕ್ಕಿಂತ ಹಾಕದೇ ಇರುವುದು ಒಳ್ಳೆಯದು.

ಗೇಟುಗಳ ಕಥೆ ಇನ್ನೊಂದು. ಈ ಜಾಲದಲ್ಲಿ ಸುಮಾರು 16,000 ತಡೆಗಳಿವೆ ಅಂತ ಸಸ್ಟ್ರಾನ್ಸ್‌ನವರೇ 2018ರಲ್ಲಿ ಲೆಕ್ಕ ಕೊಟ್ಟಿದ್ದರು. ಮೋಟಾರ್‌ಬೈಕ್ ನುಗ್ಗದಿರಲಿ ಅಂತ ಹಾಕಿದ ಕಬ್ಬಿಣದ ಗೇಟು, ಕಂಬ ಇಂಥವು. ತಡೆಯುವುದು ಯಾರನ್ನು? ಮೂರು ಗಾಲಿಯ ಸೈಕಲ್ಲಿನಲ್ಲಿ ಬರುವ ವಯಸ್ಸಾದವರನ್ನು, ಗಾಲಿಕುರ್ಚಿಯವರನ್ನು, ಹಿಂದೆ ಮಗುವಿನ ಗಾಡಿ ಕಟ್ಟಿಕೊಂಡ ತಾಯಿಯನ್ನು. ನಿಮ್ಮ ಊರಿನ ದಾರಿಯಲ್ಲಿ ಇಂಥ ಗೇಟು ಇದ್ದರೆ ಫೋಟೋ ತೆಗೆದು ಕೌನ್ಸಿಲ್‌ಗೆ ಬರೆಯಿರಿ. ನಾವೂ ಇಲ್ಲಿ ತೆರಿಗೆ ಕಟ್ಟುತ್ತೇವೆ. ಕೇಳೋಕೆ ಹಿಂಜರಿಯಬೇಕಾಗಿಲ್ಲ.

ಇನ್ನು ನಮ್ಮ ಕಡೆಯಿಂದ. ಈ ದಾರಿಗಳಲ್ಲಿ ನಡೆಯುವವರೇ ಮೊದಲು. ದೂರದಿಂದಲೇ ಬೆಲ್ ಮಾಡಿ, ನಿಧಾನ ಮಾಡಿ. ಕುದುರೆ ಕಂಡರೆ ಮಾತ್ರ ಬೆಲ್ ಬೇಡ, ಬಾಯಿಬಿಟ್ಟು ಮಾತಾಡಿಸಿ. ಮನುಷ್ಯರ ದನಿ ಕೇಳಿದರೆ ಅದು ಬೆದರುವುದಿಲ್ಲ. ವೇಗ ಬೇಕಾದವರು ದಯವಿಟ್ಟು ರಸ್ತೆಗೆ ಹೋಗಲಿ. ಗಡಿಯಾರ ನೋಡಿಕೊಂಡು ಮಕ್ಕಳ ಪಕ್ಕದಲ್ಲಿ ಸುಯ್ಯನೆ ನುಗ್ಗುವವರನ್ನು ಕಂಡರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ಎಲ್ಲ ದಾರಿಯೂ ಎಲ್ಲ ದಿನವೂ ಶಾಂತವಲ್ಲ. ಕಾರ್ನ್‌ವಾಲ್‌ನ ಕ್ಯಾಮಲ್ ಟ್ರೇಲ್‌ನಲ್ಲಿ ಪ್ಯಾಡ್‌ಸ್ಟೋ ಕಡೆ ಆಗಸ್ಟ್ ಮಧ್ಯಾಹ್ನ ಜಾತ್ರೆಯಷ್ಟು ಜನ. ಬೆಳಿಗ್ಗೆ ಬೇಗ ಹೋಗಿ. ಬಾತ್‌ನಿಂದ ಬ್ರಾಡ್‌ಫರ್ಡ್ ಆನ್ ಏವನ್‌ಗೆ ಕಾಲುವೆ ಪಕ್ಕದ ದಾರಿ ಕೂಡ ಮಟ್ಟಸ, ಆದರೆ ಸೇತುವೆಗಳ ಕೆಳಗೆ ಇಕ್ಕಟ್ಟು. ಮಕ್ಕಳಿದ್ದರೆ ಅಲ್ಲಿ ಇಳಿದು ತಳ್ಳಿಕೊಂಡು ಹೋಗಿ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಡರ್ಬಿಶೈರ್‌ನಲ್ಲೇ ಇರುವ ಟಿಸ್ಸಿಂಗ್ಟನ್ ಟ್ರೇಲ್. ಆಷ್‌ಬೋರ್ನ್‌ನಿಂದ ಪಾರ್ಸ್ಲಿ ಹೇವರೆಗೆ 13 ಮೈಲಿ, 1971ರಿಂದ ಇದೆ. ಬಾಡಿಗೆ ಸೈಕಲ್ ಬೇಕಿದ್ದರೆ ಎಲ್ಲಿ ಸಿಗುತ್ತದೆ ಅಂತ ಮೊದಲೇ ವಿಚಾರಿಸಿಕೊಳ್ಳಿ. ಮೇ ತಿಂಗಳಲ್ಲಿ ಹೋದರೆ ಟಿಸ್ಸಿಂಗ್ಟನ್ ಹಳ್ಳಿಯಲ್ಲಿ ಬಾವಿಗಳಿಗೆ ಹೂವಿನ ಅಲಂಕಾರ ಯಾವಾಗ ಅಂತ ವಿಚಾರಿಸಿ. ಹಸಿ ಜೇಡಿಮಣ್ಣಿನ ಮೇಲೆ ಎಸಳು ಒತ್ತಿ ಚಿತ್ರ ಮಾಡುತ್ತಾರೆ, ಅಮ್ಮಂದಿರಿಗೆ ತುಂಬಾ ಹಿಡಿಸುತ್ತದೆ. ಪೂರ್ತಿ ಹೋಗಲೇಬೇಕು ಅಂತಿಲ್ಲ. ಆಷ್‌ಬೋರ್ನ್ ಕಡೆಯಿಂದ ಶುರು ಮಾಡಿ, ಯಾಕೆಂದರೆ ಹೋಗುವಾಗ ಸಣ್ಣ ಏರು, ವಾಪಸ್ ಬರುವಾಗ ಇಳಿಜಾರು. ಬುತ್ತಿ ಕಟ್ಟಿಕೊಂಡು ಹೋಗಿ, ಚಿತ್ರಾನ್ನ ಆದರೂ ಸಾಕು. ಕೂತು ಊಟ ಮಾಡೋಕೆ ದಾರಿಯಲ್ಲಿ ಜಾಗಕ್ಕೇನೂ ಕಡಿಮೆ ಇಲ್ಲ.