ಹಲ್ಲಿಗೆ ಎಫ್‌ಐಆರ್ ಇದೆಯಾ ಸರ್?

ನಮ್ಮ ಸೋದರಮಾವನ ದವಡೆಹಲ್ಲು ಕೋಡುಬಳೆ ಕಡಿಯುವಾಗ ಎರಡು ಹೋಳಾಯಿತು. ಡಾಕ್ಟರು ಅದನ್ನು ಕಿತ್ತು, ಖಾಲಿ ಜಾಗಕ್ಕೆ ಇಂಪ್ಲಾಂಟ್ ಹಾಕಿಸಿ ಅಂದರು. ದವಡೆಯ ಮೂಳೆಗೆ ಟೈಟಾನಿಯಂ ಸ್ಕ್ರೂ ಕೂರಿಸೋದು, ಮೂಳೆ ಅದನ್ನು ಹಿಡಿದುಕೊಳ್ಳಲಿ ಅಂತ ಮೂರ್ನಾಲ್ಕು ತಿಂಗಳು ಕಾಯೋದು, ಆಮೇಲೆ ಮೇಲೊಂದು ಕ್ಯಾಪ್. ರೇಟು ಕೇಳಿ ಮಾವ ಬಾಯಿ ಬಿಟ್ಟರು. "ಹಾಗೇ ಇರಿ, ಎಕ್ಸ್‌ರೇನೂ ತೆಗೆದುಬಿಡೋಣ" ಅಂದರು ಡಾಕ್ಟರು.

ಮಾವನಿಗೆ ಧೈರ್ಯ ಇತ್ತು. ಹದಿನೈದು ವರ್ಷದಿಂದ ತಪ್ಪದೆ ಪ್ರೀಮಿಯಂ ಕಟ್ಟುತ್ತಿರುವ ಆರೋಗ್ಯ ವಿಮೆ ಇದೆಯಲ್ಲ! ಫೋನ್ ಮಾಡಿದರು.

"ಹಲ್ಲು ಕವರ್ ಆಗಲ್ಲ ಸರ್."

"ಯಾಕಪ್ಪಾ? ಹಲ್ಲು ನನ್ನ ಮೈಯಲ್ಲೇ ತಾನೇ ಇದ್ದಿದ್ದು?"

"ಆಕ್ಸಿಡೆಂಟಲ್ಲಿ ಹೋಗಿ, ಆಸ್ಪತ್ರೆಗೆ ಅಡ್ಮಿಟ್ ಆಗಿದ್ರೆ ನೋಡಬಹುದಿತ್ತು."

"ಕೋಡುಬಳೆ ಕಚ್ಚಿದ್ದು ಆಕ್ಸಿಡೆಂಟೇ ಅಲ್ವೇನಪ್ಪಾ?"

"ಎಫ್‌ಐಆರ್ ಇದೆಯಾ ಸರ್?"

ಮಾವ ಒಂದು ಕ್ಷಣ ಯೋಚನೆ ಮಾಡಿದ್ದು ನಿಜ. ಆದರೆ ಎಫ್‌ಐಆರ್ ಆದರೆ ಒಂದನೇ ಆರೋಪಿ ಅತ್ತೆ. ಹಲ್ಲಿನ ಜೊತೆ ಊಟವೂ ಹೋಗುತ್ತದೆ.

ಇದೇ ಪಾಲಿಸಿ ಎರಡು ವರ್ಷದ ಹಿಂದೆ ಮಾವನ ಮಂಡಿಗೆ ಲೋಹದ ಕೀಲು ಹಾಕಿಸಲು ಲಕ್ಷಗಟ್ಟಲೆ ಬಿಲ್ಲನ್ನು ಚಕಾರವೆತ್ತದೆ ಕಟ್ಟಿತ್ತು. ಅಲ್ಲಿಗೆ ವಿಮೆಯವರ ಶರೀರಶಾಸ್ತ್ರ ಅರ್ಥವಾಯಿತು: ಮಂಡಿ ಅಂಗ, ಹಲ್ಲು ಅಲಂಕಾರ. ಬೈತಲೆಬಟ್ಟು, ಬುಗುಡಿ, ಮೂಗುತಿ, ಆಮೇಲೆ ದವಡೆಹಲ್ಲು. ಈ ಇಂಪ್ಲಾಂಟಿನ ಕಥೆ ನೋಡಿ: 1952ರಲ್ಲಿ ಸ್ವೀಡನ್ನಿನ ಬ್ರಾನೆಮಾರ್ಕ್ ಎಂಬ ವಿಜ್ಞಾನಿ ಮೊಲದ ಮೂಳೆಯೊಳಗೆ ಟೈಟಾನಿಯಂ ಇಟ್ಟು, ಆಮೇಲೆ ತೆಗೆಯಲು ಹೋದರೆ ಅದು ಕಿತ್ತು ಬರಲೇ ಇಲ್ಲವಂತೆ. ಮೂಳೆ ಅದನ್ನು ತನ್ನದೇ ಅಂತ ಅಪ್ಪಿಕೊಂಡಿತ್ತು. 1965ರಲ್ಲಿ ಮನುಷ್ಯರ ದವಡೆಗೂ ಹಾಕಿದರು. ಪರದೇಶದ ಲೋಹವನ್ನು ಮೊಲ ಒಪ್ಪಿತು. ನಮ್ಮ ವಿಮೆ ಕಂಪನಿ ಇನ್ನೂ ಹುಟ್ಟುಹಲ್ಲನ್ನೇ ಒಪ್ಪಿಲ್ಲ.

ಇನ್ನು ಸರ್ಕಾರ. ಸಿದ್ದರಾಮಯ್ಯನವರ ಮೊದಲ ಅವಧಿಯಲ್ಲಿ 'ದಂತಭಾಗ್ಯ' ಬಂದಿತ್ತು, ಬಿಪಿಎಲ್ ಹಿರಿಯರಿಗೆ ಉಚಿತ ಹಲ್ಲುಸೆಟ್ಟು. (ಹಲ್ಲು ಮೈಯ ಭಾಗ ಅಂತ ಕಾಗದದ ಮೇಲೆ ಒಪ್ಪಿದ್ದಕ್ಕಾದರೂ ಒಂದು ನಮಸ್ಕಾರ.) ಮಾವನದು ಎಪಿಎಲ್ ಕಾರ್ಡು. ಇಂಪ್ಲಾಂಟ್ ಹಾಕಿಸಿ ಬಿಲ್ ಕಟ್ಟಿದ ಮೇಲೆ ಬಿಪಿಎಲ್‌ಗೆ ಅರ್ಜಿ ಹಾಕಲು ಅಡ್ಡಿಯಿಲ್ಲ.

ಉಳಿದದ್ದು ಇಎಂಐ. ಕ್ಲಿನಿಕ್ಕಿನ ಕೌಂಟರಿನ ಹುಡುಗಿ ಬಲು ವಿನಯವಂತೆ. "ಎರಡು ಹಾಕಿಸಿದ್ರೆ ಹಬ್ಬದ ಡಿಸ್ಕೌಂಟ್ ಇದೆ ಅಂಕಲ್."

"ಪಕ್ಕದ ಹಲ್ಲು ಗಟ್ಟಿಯಾಗಿದೆಯಲ್ಲಮ್ಮಾ."

"ಪರವಾಗಿಲ್ಲ ಅಂಕಲ್, ಆಫರ್ ದೀಪಾವಳಿವರೆಗೂ ಇರುತ್ತೆ."

ಕೊನೆಗೆ ಒಂದೇ ಹಾಕಿಸಿದರು. ಸ್ಕ್ರೂ ಕೂತಿದೆ, ಮೂಳೆ ಇನ್ನೂ ಹಿಡಿಯಬೇಕು. ಬ್ಯಾಂಕು ಮಾತ್ರ ಕಾಯಲಿಲ್ಲ, ಮೊದಲ ತಿಂಗಳೇ ಹಿಡಿಯಿತು. ಕ್ಯಾಪ್ ಬರುವಷ್ಟರಲ್ಲಿ ನಾಲ್ಕು ಕಂತು ಮುಗಿದಿರುತ್ತದೆ. ಹಾಗಾಗಿ ಮಾವ ಸದ್ಯ ಕಂತು ಕಟ್ಟುತ್ತಿರುವುದು ಬಾಯಲ್ಲಿರುವ ಒಂದು ತೂತಿಗೆ.

ಮೊನ್ನೆ ಹೋದಾಗ ಕೋಡುಬಳೆ ಡಬ್ಬಿ ಅಟ್ಟದ ಮೇಲಿತ್ತು. ಯಾಕತ್ತೆ ಅಂದೆ.

"ನನ್ನ ಮೇಲೆ ಎಫ್‌ಐಆರ್ ಹಾಕೋಕೆ ಯೋಚನೆ ಮಾಡಿದ್ರಂತಲ್ಲ ನಿಮ್ಮ ಮಾವ. ಗಂಜಿ ಕುಡೀಲಿ."