ಸೂರ್ಯಾಸ್ತ: 6.50ರಿಂದ 7.05ರ ತನಕ

ಜುಲೈ ತಿಂಗಳ ಒಂದು ರಾತ್ರಿ. ಹೊರಗೆ ಕಾರವಾರದ ಮಳೆ, ಒಳಗೆ ಕರೆಂಟಿಲ್ಲ. ಆ ಹೊತ್ತಿಗೆ ಬೆಂಗಳೂರಿನ ತಂಗಿಯ ಮಗ ವಾಟ್ಸಾಪಿನಲ್ಲಿ ಒಂದು ಪಿಡಿಎಫ್ ಕಳಿಸಿದ. ಹೆಸರು ‘ಕಾರವಾರ ಫೈನಲ್ 4’. ಎರಡು ದಿನ, ಒಂಬತ್ತು ಜನ, ಹತ್ತೊಂಬತ್ತು ಜಾಗ. ಒಂದೊಂದರ ಮುಂದೆಯೂ ಗಂಟೆ, ನಿಮಿಷ. ರೈಲ್ವೆಯವರಿಗೂ ಇಷ್ಟು ಧೈರ್ಯವಿಲ್ಲ.

ಶನಿವಾರ ಟಾಗೋರ್ ಬೀಚ್‌ಗೆ 25 ನಿಮಿಷ. ಐಎನ್‌ಎಸ್ ಚಪಲ್ ಯುದ್ಧನೌಕೆ, ಪಕ್ಕದ ಟುಪೊಲೆವ್ ವಿಮಾನ ಎರಡೂ ಅದರಲ್ಲೇ ಮುಗಿಯಬೇಕು. ಆಮೇಲೆ ಅರಗಾ ಬೀಚ್. ಆಮೇಲೆ ಕೂರ್ಮಗಡ ದ್ವೀಪ. ಭಾನುವಾರ ಯಾಣ, ಶಿರಸಿ ಮಾರಿಕಾಂಬೆ, ಜೋಗ, ಮುರುಡೇಶ್ವರ. ಘಟ್ಟ ಹತ್ತಿ, ಇಳಿದು, ಮತ್ತೆ ಹತ್ತಿ, ಮತ್ತೆ ಇಳಿಯುವುದು. ಭೂಪಟವನ್ನು ಇವನು ಚಪಾತಿಯ ಹಾಗೆ ಮಡಚಿಟ್ಟುಕೊಂಡಿದ್ದಾನೆ ಅನ್ನಿಸಿತು.

ಫೋನ್ ಮಾಡಿದೆ. “ಅರಗಾ ನೌಕಾನೆಲೆಯ ಬೇಲಿಯೊಳಗಿದೆ ಮಾರಾಯ. ಅಲ್ಲಿ ಫೋಟೋ ತೆಗೆಯೋದು ನೀನಲ್ಲ, ನಿನ್ನದನ್ನೇ ಅವರು ತೆಗೀತಾರೆ.”

“ಲಿಸ್ಟಲ್ಲಿ ಇತ್ತು ಮಾಮಾ.”

“ಮಳೆಗಾಲದಲ್ಲಿ ಕೂರ್ಮಗಡಕ್ಕೆ ದೋಣಿ ಬಿಡೋದಿಲ್ಲ.”

“ಲೈಫ್ ಜಾಕೆಟ್ ನಾವೇ ತರ್ತೀವಿ.”

ಆಮೇಲೆ ನನ್ನ ಕಣ್ಣಿಗೆ ಬಿದ್ದದ್ದು ಏಳನೇ ಸಾಲು: ‘ಹಳೇ ಕಾಳಿ ಸೇತುವೆ ಮೇಲೆ ಗ್ರೂಪ್ ಫೋಟೋ’. ಆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿಯೇ ಮುರಿದು ನದಿಗೆ ಬಿದ್ದಿದೆ. ಜೊತೆಗೆ ಒಂದು ಲಾರಿಯೂ ಬಿತ್ತು, ಚಾಲಕ ಬದುಕಿದ್ದು ಪುಣ್ಯ. ಆದರೆ ಪ್ರವಾಸದ ಪಟ್ಟಿಗಳಲ್ಲಿ ಸೇತುವೆ ಬೀಳುವುದಿಲ್ಲ. ಒಬ್ಬ ಬರೆದದ್ದನ್ನು ಇನ್ನೊಬ್ಬ ಎತ್ತುತ್ತಾನೆ, ತನ್ನದೂ ಇರಲಿ ಅಂತ ಎರಡು ಜಾಗ ಸೇರಿಸುತ್ತಾನೆ, ಮೂರನೆಯವನಿಗೆ ದಾಟಿಸುತ್ತಾನೆ. ಸೇರಿಸುವವರು ನೂರು ಜನ. ಹೊಡೆದುಹಾಕುವವನು ಒಬ್ಬನೂ ಇಲ್ಲ.

ಒಂಬತ್ತೂ ಜನ ಬಂದರು. ಟೆಂಪೋ ಡ್ರೈವರ್ ಅಂಕೋಲೆಯವನು. ಸ್ಟೇಷನ್ನಿನಲ್ಲಿ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿ, ವಿನಯದಿಂದ ಕೇಳಿದ: “ಸರ್, ಇಳಿಯೋದೂ ಇದೆಯಾ? ಸುಮ್ನೆ ಕಿಟಕಿಯಿಂದ ತೋರಿಸಿದ್ರೆ ಆಯ್ತಾ?”

ಟಾಗೋರ್ ಬೀಚ್‌ನಲ್ಲಿ ಇಳಿದರು. 1880ರ ದಶಕದಲ್ಲಿ ಆ ಕವಿಯೂ ಇಲ್ಲಿಗೆ ಬಂದವನೇ. ಆಗಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ನ್ಯಾಯಾಧೀಶ. ದೋಣಿಯಲ್ಲಿ ಕಾಳಿ ನದಿಯಗುಂಟ ಹೋಗಿ, ಬೆಳದಿಂಗಳಲ್ಲಿ ಮರಳಿನ ಮೇಲೆ ನಡೆದು ಮನೆಗೆ ಬಂದು, ಇಲ್ಲಿದ್ದುಕೊಂಡೇ ಒಂದು ನಾಟಕ ಬರೆದ. ಪಾಪ, ಅವನ ಹತ್ತಿರ ಪಿಡಿಎಫ್ ಇರಲಿಲ್ಲ. ನಮ್ಮ ಹುಡುಗರ 25 ನಿಮಿಷದಲ್ಲಿ ಹನ್ನೊಂದು ನಿಮಿಷ ತಿರುವುಮುರುವಾದ ಛತ್ರಿಯನ್ನು ಸರಿಮಾಡುವುದಕ್ಕೇ ಹೋಯಿತು. ಉಳಿದದ್ದರಲ್ಲಿ ಎಲ್ಲರೂ ಕಡಲಿಗೆ ಬೆನ್ನು ಹಾಕಿ ನಿಂತರು. ಸೆಲ್ಫಿಗೆ ಹಾಗೇ ನಿಲ್ಲಬೇಕಲ್ವಾ.

ಮಧ್ಯಾಹ್ನ ಊಟ. ಪಟ್ಟಿಯಲ್ಲಿ ‘ಫ್ರೆಶ್ ಫಿಶ್’ ಅಂತ ದಪ್ಪಕ್ಷರದಲ್ಲಿದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ. ಬಂದರಿನಲ್ಲಿ ದೋಣಿಗಳು ಸಾಲಾಗಿ ತಾಡಪತ್ರಿ ಹೊದ್ದು ಮಲಗಿರುತ್ತವೆ. “ಇಸ್ವಾಣ ಫ್ರೆಶ್ ಇದೆಯಾ?” ಅಂತ ಅಳಿಯ ಕೇಳಿದ. ಮಾಣಿ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. “ಫ್ರೆಶ್ ಸರ್,” ಅಂದ. ಸುಳ್ಳೇನಲ್ಲ, ಐಸಿನಿಂದ ಆಗಷ್ಟೇ ತೆಗೆದದ್ದು.

ನನಗೆ ಜಾಸ್ತಿ ಇಷ್ಟವಾದ ಸಾಲು ಶನಿವಾರದ ಕೊನೆಯದು: ‘ಸೂರ್ಯಾಸ್ತ, 6.50ರಿಂದ 7.05’. ಆ ವಾರ ನಾವೇ ಸೂರ್ಯನನ್ನು ನೋಡಿರಲಿಲ್ಲ. ಒಗೆದ ಬಟ್ಟೆಗಳು ಐದು ದಿನದಿಂದ ಹಜಾರದಲ್ಲಿ ನೇತಾಡುತ್ತಿದ್ದವು. ಆರು ಗಂಟೆಗೆ ಆಕಾಶ ನೋಡಿ, “ಹೇಗೂ ಕಾಣಲ್ಲ, ಒಂದು ಗಂಟೆ ಉಳಿಸೋಣ” ಅಂತ ಟೆಂಪೋ ಹತ್ತಿ ಗೋಕರ್ಣಕ್ಕೆ ಹೊರಟುಬಿಟ್ಟರು. ಉಳಿಸಿದ ಆ ಸಮಯ ಮರುದಿನ ಯಾಣದಲ್ಲಿ ಕಾಲಿಗೆ ಹತ್ತಿದ ಉಂಬಳ ಕೀಳುವುದಕ್ಕೆ ಸಾಲಲಿಲ್ಲವಂತೆ, ಅದು ಬೇರೆ ಮಾತು.

ಅವರು ಹೋಗಿ ಮುಕ್ಕಾಲು ಗಂಟೆಯಾಗಿರಬೇಕು. ನಾನು ದಂಡೆಯ ಮೇಲೇ ಇದ್ದೆ. ಮೋಡದ ಬುಡ ಹರಿಯಿತು. ಐದು ನಿಮಿಷ, ಅಷ್ಟೇ. ಕಡಲು ತಾಮ್ರದ ಹಂಡೆಯ ಬಣ್ಣಕ್ಕೆ ತಿರುಗಿತು. ಕಡಲೆಕಾಯಿ ಮಾರುವವನೂ ಪೊಟ್ಟಣ ಕಟ್ಟುವುದು ಬಿಟ್ಟು ನೋಡಿದ.

ಫೋನ್ ಬಡಿಯಿತು. “ಮಾಮಾ, ಅಲ್ಲಿ ಸನ್‌ಸೆಟ್ ಆಯ್ತಾ? ಒಂದು ಫೋಟೋ ಕಳಿಸಿ, ಟಿಕ್ ಹಾಕ್ಬೇಕು.”

ಕಳಿಸಿದೆ. ರಾತ್ರಿ ಅವನ ಸ್ಟೇಟಸ್ಸಿನಲ್ಲಿ ಅದೇ ಫೋಟೋ ಇತ್ತು: ‘ಕಾರವಾರದಲ್ಲಿ ನಾನು, ಕಡಲು, ಮೌನ’. ಮೂಲೆಯಲ್ಲಿ ನನ್ನ ಹೆಬ್ಬೆರಳೂ ಬಂದಿತ್ತು.