ಮೂರು ಬಾಟಲಿ, ಒಂದು ಕಲ್ಲು

ನನ್ನ ಎಡಗಡೆಯ ಕಿಡ್ನಿಯಲ್ಲಿ 4 ಮಿಲಿಮೀಟರಿನ ಕಲ್ಲೊಂದಿದೆ ಎಂದು ಸ್ಕ್ಯಾನಿಂಗಿನವರು ಬರೆದುಕೊಟ್ಟ ದಿನದಿಂದ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ನನ್ನ ನೀರಿನ ಲೆಕ್ಕವೂ ಬರತೊಡಗಿತು. ಹಾಲು ಒಂದು, ನೀರು ಅರ್ಧ. ಬರೆಯುವವಳು ಹೆಂಡತಿ. ಇದು ಉಡುಪಿ; ಏಪ್ರಿಲಿನ ಸೆಕೆಯಲ್ಲಿ ಫ್ಯಾನಿನಡಿ ಸುಮ್ಮನೆ ಕೂತವನ ಬನಿಯನ್ನು ಹಿಂಡಿದರೂ ಅರ್ಧ ಚೊಂಬು ಸಿಗುತ್ತದೆ. ಬಂದವರಿಗೆಲ್ಲ ಬೆಲ್ಲ-ನೀರು ಕೊಟ್ಟು ಕುಡಿಯಿರಿ ಕುಡಿಯಿರಿ ಎನ್ನುವ ನಾನು ನನಗೆ ಕೊಟ್ಟುಕೊಳ್ಳಲು ಮರೆತದ್ದು ನಿಜ.

“ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗಬೇಕು, ಒಣಹುಲ್ಲಿನ ಬಣ್ಣದಲ್ಲಿ. ಅದಕ್ಕೆ ಎಷ್ಟು ಬೇಕೋ ಅಷ್ಟು ಕುಡಿಯಿರಿ. ನಿಮ್ಮ ಬೆವರು ಬೇರೆ ಖಾತೆ” ಎಂದರು ಡಾಕ್ಟರು.

“ಬೆಳಗ್ಗಿನ ಗಂಜಿಯ ತಿಳಿ ಲೆಕ್ಕಕ್ಕೆ ಬರುತ್ತದಾ ಡಾಕ್ಟ್ರೇ?”

“ಬರುತ್ತದೆ. ಅದರೊಟ್ಟಿಗೆ ನೆಕ್ಕುವ ಉಪ್ಪಿನಕಾಯಿಯೂ ಬರುತ್ತದೆ, ಖರ್ಚಿನ ಬದಿಗೆ. ಉಪ್ಪು ಕಮ್ಮಿ ಮಾಡಿ.”

ಹೇಳುತ್ತಾ ಅವರ ಕಣ್ಣು ನನ್ನ ಚೀಲದಿಂದ ಇಣುಕುತ್ತಿದ್ದ ಬಾಟಲಿಯ ಮೇಲೆ ಬಿತ್ತು. ಯಾವುದೋ ಮದುವೆಯೂಟದಲ್ಲಿ ಎಲೆಯ ಪಕ್ಕ ಇಟ್ಟ ಪ್ಲಾಸ್ಟಿಕ್ ಬಾಟಲಿ ಅದು. ಲೇಬಲ್ ಕಿತ್ತುಹೋಗಿ, ಮೈಯೆಲ್ಲ ಸುಕ್ಕಾಗಿ, ನನ್ನೊಟ್ಟಿಗೆ ನಾಲ್ಕು ತಿಂಗಳು ಸಂಸಾರ ಮಾಡಿತ್ತು. ಬುಡದ ತ್ರಿಕೋನದೊಳಗೆ 1 ಎಂದಿದ್ದುದನ್ನು ನಾನು ಫಸ್ಟ್ ಕ್ವಾಲಿಟಿ ಎಂದೇ ತಿಳಿದಿದ್ದೆ. ಅದು ಗುಣಕ್ಕೆ ಕೊಟ್ಟ ಅಂಕ ಅಲ್ಲವಂತೆ, ಪ್ಲಾಸ್ಟಿಕ್ಕಿನ ಜಾತಿಯಂತೆ. 1 ಅಂದರೆ ಪೆಟ್, ಒಮ್ಮೆ ಕುಡಿದು ಬಿಡಲು ಮಾಡಿದ್ದು. 5 ಪಾಲಿಪ್ರೊಪಿಲೀನ್, ಟಿಫಿನ್ ಡಬ್ಬಿಗಳದ್ದು. 7 ಅಂದರೆ “ಇತರೆ”. ಬಿಸ್ಫಿನಾಲ್-ಎ ಎಂಬ ಬೇಡದ ರಾಸಾಯನಿಕ ಇರುವ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಆ ಗುಂಪಿನಲ್ಲೇ ಅಡಗಿರುತ್ತದೆ. ನಮ್ಮ ಸರಕಾರಿ ಅರ್ಜಿಗಳಲ್ಲೂ ಎಲ್ಲ ತಂಟೆ “ಇತರೆ” ಕಾಲಮ್ಮಿನಲ್ಲೇ ತಾನೆ?

ಪ್ಲಾಸ್ಟಿಕ್ ಬೇಡವೇ ಬೇಡ ಎಂದು ತಾಮ್ರದ ಬಾಟಲಿ ತಂದೆ. ಎರಡು ದಿನ ರಾತ್ರಿ ನೀರು ತುಂಬಿಟ್ಟು ಬೆಳಗ್ಗೆ ಭಕ್ತಿಯಿಂದ ಕುಡಿದೆ. ಮೂರನೆಯ ದಿನ ಬರೀ ನೀರು ಗಂಟಲಿಳಿಯದೆ, ಮನೆಯಲ್ಲಿದ್ದ ಪುನರ್ಪುಳಿ (ಕೋಕಂ) ಶರಬತ್ತನ್ನೇ ತುಂಬಿಸಿಕೊಂಡು ಆಫೀಸಿಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಕುಡಿದರೆ ಬಾಯಿತುಂಬ ಹಳೇ ನಾಣ್ಯ ಚೀಪಿದ ರುಚಿ. ದುಡ್ಡು ಕೊಟ್ಟು ತಂದದ್ದಲ್ಲವೇ ಎಂದು ಪೂರ್ತಿ ಕುಡಿದೆ. ಮೂರು ಗಂಟೆಗೆ ಹೊಟ್ಟೆ ತೊಳಸಿ, ನಾಲ್ಕರೊಳಗೆ ಕುಡಿದದ್ದೆಲ್ಲ ವಾಪಸು. ಮನೆಗೆ ಬಂದು ಬಾಟಲಿಯೊಳಗೆ ಟಾರ್ಚು ಬಿಟ್ಟು ನೋಡಿದೆ. ಹುಳಿ ತಾಗಿದಲ್ಲಿಯವರೆಗೆ ಹೊಸ ಮದುಮಗಳ ಬಳೆಯಂತೆ ಫಳಫಳ. ಅದರ ಮೇಲೆ ಮಾತ್ರ ಹಳೆಯ ಕಪ್ಪು. ತೊಳೆದುಹೋದ ತಾಮ್ರ ಎಲ್ಲಿಗೆ ಹೋಯಿತು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

“ತಾಮ್ರಕ್ಕೆ ಹುಳಿ ಹಾಕುವುದುಂಟಾ? ಕಲಾಯಿ ಹಾಕಿಸುತ್ತಿದ್ದದ್ದು ಮತ್ತೆ ಎಂತಕ್ಕೆ?” ಎಂದರು ಅಮ್ಮ. ಮೊದಲೇ ಹೇಳಬಾರದಿತ್ತಾ ಅಂದರೆ, “ನೀನು ಕೇಳಿದ್ರೆ ಅಲ್ವಾ” ಎಂದರು.

ಇನ್ನು ಸ್ಟೀಲು. ಈ ಸಲ ಮೋಸ ಹೋಗಬಾರದೆಂದು ಫ್ರಿಜ್ಜಿನ ಬಾಗಿಲಿನಿಂದ ಯಕ್ಷಗಾನದ ಕಿರೀಟದ ಮ್ಯಾಗ್ನೆಟ್ ಕಿತ್ತು ಜೇಬಿಗೆ ಹಾಕಿಕೊಂಡೆ. ಒಳ್ಳೆಯ ಸ್ಟೀಲಿಗೆ ಅಯಸ್ಕಾಂತ ಅಂಟುವುದಿಲ್ಲ ಎಂದು ಎಲ್ಲೋ ಓದಿದ್ದೆ. ಅಂಗಡಿಯಲ್ಲಿ ಸಾಲಾಗಿ ಇಟ್ಟ ಬಾಟಲಿಗಳಿಗೆಲ್ಲ ಕಿರೀಟ ತೊಡಿಸುತ್ತಾ ಹೋದೆ. ಒಂದಕ್ಕೂ ನಿಲ್ಲಲಿಲ್ಲ. ಅಂಗಡಿಯವರು ಹತ್ತು ನಿಮಿಷ ಈ ಪ್ರಸಂಗ ನೋಡಿದರು.

“ಎಂತ ಮಾರಾಯ್ರೇ, 202 ಗ್ರೇಡಿನ ಸ್ಟೀಲಿಗೂ ಅಂಟುವುದಿಲ್ಲ, 304ಕ್ಕೂ ಅಂಟುವುದಿಲ್ಲ. ಅಡಿಯಲ್ಲಿ ಕೊರೆದದ್ದು ಓದಿ ತೆಗೊಳ್ಳಿ. ನಿಕ್ಕಲ್ ಕಮ್ಮಿ ಮಾಡಿ ಮ್ಯಾಂಗನೀಸ್ ಹಾಕಿದ್ದು 202, ತುಕ್ಕು ಬೇಗ. 304ರಲ್ಲಿ ಕ್ರೋಮಿಯಂ 18 ಪರ್ಸೆಂಟ್, ನಿಕ್ಕಲ್ 8.”

ನಾನು ಕಿರೀಟ ಇಳಿಸಿ 304ರ ಒಂದು ಲೀಟರಿನದ್ದು ಕೊಂಡೆ. ಎರಡು ವಾರದಲ್ಲಿ ಅದರ ನೀರಿಗೆ ಒದ್ದೆ ಗೋಣಿಯ ವಾಸನೆ. ಸೋಪು, ಬಿಸಿನೀರು, ಬ್ರಷ್ಷು, ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ಹೆಂಡತಿ ತಲೆಯಿಂದ ಪಿನ್ನು ತೆಗೆದು ಮುಚ್ಚಳದೊಳಗಿನ ರಬ್ಬರ್ ಉಂಗುರವನ್ನು ಎಬ್ಬಿಸಿದಳು. ಅದರ ಬೆನ್ನಿಗೆ ಮಳೆಗಾಲದ ಗೋಡೆಯಂತೆ ಕರ‍್ರಗೆ ಪಾಚಿ. “ಸ್ಟೀಲು 304, ಮುಚ್ಚಳ 420” ಎಂದಳು. ಈಗ ವಾರಕ್ಕೆರಡು ಸಲ ಉಂಗುರ ಬಿಚ್ಚಿ ತೊಳೆದು ಒಣಗಿಸುವ ಕೆಲಸ ನನ್ನದು.

ಇಷ್ಟಾದರೂ ನೀರು ಹೊಟ್ಟೆಗೆ ಹೋಗಲಿಲ್ಲ. ಕಾರಣ ಬಾಟಲಿಯಲ್ಲ, ಹೇಳಲು ನಾಚಿಕೆ: ಹೊರಗೆ ಹೊರಟರೆ ಶೌಚಾಲಯದ ಯೋಚನೆ. ಗಂಡಸಾದ ನನಗೇ ಹೀಗಾದರೆ, ಟೀಚರಾದ ನನ್ನ ತಂಗಿ ಬೆಳಗ್ಗೆ ಒಂದು ಲೋಟ ಕುಡಿದು ಶಾಲೆಗೆ ಹೋದರೆ ಸಂಜೆಯವರೆಗೆ ನೀರು ಮುಟ್ಟುವುದಿಲ್ಲ. 2019ರಲ್ಲಿ ಕೇರಳದ ಶಾಲೆಗಳಲ್ಲಿ, ಆಮೇಲೆ ನಮ್ಮಲ್ಲೂ, ಮಕ್ಕಳು ನೀರು ಕುಡಿಯಲೆಂದೇ “ವಾಟರ್ ಬೆಲ್” ಹೊಡೆಯುವ ಪದ್ಧತಿ ಬಂತು. “ಗಂಟೆ ಹೊಡೆದಾಗ ಕುಡಿಯಬಹುದು, ಮುಂದಿನ ಗಂಟೆ ಯಾರು ಹೊಡೆಯುತ್ತಾರೆ?” ಎನ್ನುತ್ತಾಳೆ ಅವಳು.

ಮೊನ್ನೆ ತೀರ್ಥಹಳ್ಳಿಯ ಮಾವನ ಮನೆಯಿಂದ ಒಬ್ಬನೇ ಮಿನಿ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಬಾಟಲಿ ಭರ್ತಿ, ಕುಡಿಯುವ ಧೈರ್ಯ ಇಲ್ಲ. ಚೀಲದ ಬದಿಯ ಜೇಬಿಗೆ ಹಿಡಿಸದೆ ಕಾಲಡಿ ಇಟ್ಟಿದ್ದೆ. ಆಗುಂಬೆ ಘಾಟಿಯ ಮೊದಲ ತಿರುವಿನಲ್ಲೇ ಅದು ಮಗ್ಗುಲಾಗಿ ಹೊರಟಿತು. ಠಣ್, ಒಂದು ಸೀಟಿನ ಕಾಲು. ಠಣ್, ಇನ್ನೊಂದು. “ಹಿಡೀರಿ, ಹಿಡೀರಿ!” ಎಂದು ಹಿಂದಿನವರು, ಮುಂದಿನವರು ಹಾವು ಕಂಡಂತೆ ಕಾಲೆತ್ತಿ ಕೂತರು. ಬುಟ್ಟಿ ಹಿಡಿದ ಅಜ್ಜಿಯೊಬ್ಬರು ಕೈ ಹಾಕುವಷ್ಟರಲ್ಲಿ ಬಸ್ಸು ಎಡಕ್ಕೆ ತಿರುಗಿ, ಬಾಟಲಿ ಬಲಕ್ಕೆ ಜಾರಿ, ನೇರ ಡ್ರೈವರರ ಕಾಲಬುಡದ ಕಡೆಗೆ! ಕಂಡಕ್ಟರ್ ಹಾರಿ ಬೂಟಿನಲ್ಲಿ ತಡೆದು, ನನ್ನ ಕಡೆ ನೋಡದೆ ಎಂಜಿನ್ ಬಾಕ್ಸಿನ ಪಕ್ಕ ಸಿಕ್ಕಿಸಿಟ್ಟ. 14 ತಿರುವು ಮುಗಿಯುವವರೆಗೆ ನಾನು ಕಿಟಕಿಯಾಚೆಯ ಕಾಡನ್ನೇ ನೋಡುತ್ತಿದ್ದೆ.

ಹೆಬ್ರಿಯಲ್ಲಿ ಕಂಡಕ್ಟರ್ ಬಾಟಲಿ ತಂದು ಕೈಗಿತ್ತ. ಹಗುರ ಇತ್ತು.

“ಡ್ರೈವರಿಗೆ ಬಾಯಾರಿತ್ತು ಸರ್. ನಾನೂ ಸ್ವಲ್ಪ ಕುಡಿದೆ. ತಣ್ಣಗಿತ್ತು, ಒಳ್ಳೇ ಬಾಟ್ಲಿ.”

ಮನೆಗೆ ಬಂದ ಕೂಡಲೇ ಹೆಂಡತಿ ಬಾಟಲಿ ಎತ್ತಿ ಅಲ್ಲಾಡಿಸಿದಳು. ಸದ್ದಿಲ್ಲ. ಅವಳ ಮುಖದಲ್ಲಿ ಎಷ್ಟೋ ದಿನಕ್ಕೆ ಒಂದು ಸಮಾಧಾನ. ನಾನು ಚಪ್ಪಲಿ ಬಿಡುತ್ತಿದ್ದ ಹಾಗೆಯೇ ಕ್ಯಾಲೆಂಡರಿನ ಹತ್ತಿರ ಹೋಗಿ ಪೆನ್ನು ತೆಗೆದಳು. ಹಾಲು ಒಂದು, ನೀರು ಒಂದು.